ತೂಬಿನ ಹಗ್ಗ

ಸೋಮವಾರ ಬಂತೆಂದರೆ ಜುಂಜಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಸಾವಂತ್ರಮ್ಮ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮುಂದಿಟ್ಟರೂ ಅವನು ಒಂದು ಚೂರು ಮುರಿದು, ಅದನ್ನೇ ಬೆರಳಲ್ಲಿ ಹೊಸಕುತ್ತ ಕೂರುತ್ತಿದ್ದ.

"ಇಪ್ಪತ್ತು ವರ್ಷದಿಂದ ಮುಳುಗ್ತಿದೀರಿ. ಈಗ್ಯಾಕ್ರೀ ಹಿಂಗೆ ಹೊಸಬರ ಥರ ಆಡ್ತೀರಿ?" ಎಂದು ಅವಳು ಕೇಳಿದರೆ, "ಹೊಟ್ಟೆ ತುಂಬಿದ್ರೆ ಉಸಿರು ಹಿಡಿಯಾಕೆ ಆಗಲ್ಲ ಕಣೇ" ಎಂದು ಎದ್ದುಬಿಡುತ್ತಿದ್ದ. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಇದೇ ಮನುಷ್ಯ ಮೊದಲೆಲ್ಲ ಮೂರು ರೊಟ್ಟಿ ತಿಂದು, ಮೇಲೊಂದು ಚೊಂಬು ಮಜ್ಜಿಗೆ ಕುಡಿದು, ತೇಗುತ್ತ ನೀರಿಗಿಳಿದು ತೇಗುತ್ತಲೇ ಮೇಲೆ ಬಂದವನು.

ಕಂಚಿಗಟ್ಟಕ್ಕೂ ಹುಣಸೆಕೊಪ್ಪಕ್ಕೂ ಇರುವುದು ಒಂದೇ ಕೆರೆ. ಚನ್ನಗಿರಿ ಸೀಮೆಯಲ್ಲಿ ಕೆರೆ ಎಂದರೆ ಜನ ಸೂಳೆಕೆರೆಯ ಕಡೆ ಕೈ ತೋರಿಸಿ, ಉಳಿದವನ್ನೆಲ್ಲ ಗುಂಡಿ ಎಂದುಬಿಡುತ್ತಾರೆ. ಅನ್ನಲಿ ಬಿಡಿ. ಆ ಗುಂಡಿಯ ನೀರಿನಲ್ಲೇ ಎರಡೂರಿನ ಭತ್ತ ತೆನೆ ಕಟ್ಟಬೇಕು, ಎರಡೂರಿನ ಕಬ್ಬು ಎದ್ದು ನಿಲ್ಲಬೇಕು. ಏರಿಯಿಂದ ಹತ್ತು ಮೊಳ ಒಳಗೆ ನೀರಿನಲ್ಲಿ ಎರಡು ಕಲ್ಲುಕಂಬ, ಅವುಗಳ ಮೇಲೊಂದು ಅಡ್ಡಗಲ್ಲು. ಅದೇ ತೂಬು. ಅಡ್ಡಗಲ್ಲಿನ ಕೆಳಗೆ ಎರಡಾಳು ಆಳದಲ್ಲಿ ಹಾಸುಬಂಡೆ, ಬಂಡೆಯಲ್ಲೊಂದು ತೂತು, ತೂತಿಗೆ ಹುಣಸೆ ಮರದ ಬಿರಡೆ. ಹಿಂದೆ ಆ ಬಿರಡೆಗೆ ಉದ್ದನೆಯ ತೇಗದ ಗಳು ಜೋಡಿಸಿದ್ದರಂತೆ, ಮೇಲೆ ನಿಂತೇ ಎತ್ತುತ್ತಿದ್ದರಂತೆ. ಗಳು ಮುರಿದದ್ದು ಜುಂಜಪ್ಪನ ಅಪ್ಪನ ಕಾಲದಲ್ಲಿ. ಹೊಸದು ಹಾಕಿಸಲು ಆಗ ಬರೆದ ಎಸ್ಟಿಮೇಟು ಇನ್ನೂ ಯಾವುದೋ ಕಚೇರಿಯ ಯಾವುದೋ ಮೇಜಿನ ಮೇಲೆ ಸುಖವಾಗಿ ಮಲಗಿದೆ.

ಹಾಗಾಗಿ ತೂಬು ತೆರೆಯಬೇಕೆಂದರೆ ಒಬ್ಬ ಮುಳುಗಲೇಬೇಕು. ಮುಚ್ಚುವುದು ಸುಲಭ, ಬಿರಡೆಗೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಹರಿಯುವ ನೀರೇ ಅದನ್ನು ಎಳೆದು ಕೂರಿಸುತ್ತದೆ. ತೆರೆಯುವುದೇ ಕಷ್ಟ. ಕೆಳಗೆ ಹೋಗಿ ಮೀಟಿ ಸಡಿಲಿಸಬೇಕು. ಬಿರಡೆ ಕಿತ್ತುಕೊಂಡ ಗಳಿಗೆಯಲ್ಲಿ ಇಡೀ ಕೆರೆ ಆ ತೂತಿನ ಕಡೆ ನುಗ್ಗುತ್ತದೆ. ಕೈಯೋ ಕಾಲೋ ಅದರೊಳಗೆ ಹೋಯಿತೆಂದರೆ ಮುಗಿಯಿತು, ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಅದಕ್ಕೇ ಮುಳುಗುವವನ ಸೊಂಟಕ್ಕೆ ಹಗ್ಗ. ಬಿರಡೆ ಸಡಿಲಾಯಿತು ಎನ್ನುವಾಗ ಅವನು ಹಗ್ಗವನ್ನು ಒಮ್ಮೆ ಜಗ್ಗಬೇಕು, ಮೇಲಿನವನು ಆ ಕ್ಷಣವೇ ಎಳೆದುಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಹೆಣವನ್ನೇ ಎಳೆಯಬೇಕಾದೀತು.

ಇಂಥ ಹಗ್ಗವನ್ನು ಯಾರ ಕೈಗೆ ಕೊಡುವುದು? ಹಿರಿಯರು ಅದಕ್ಕೊಂದು ಪದ್ಧತಿ ಮಾಡಿಟ್ಟಿದ್ದರು. ಹಗ್ಗ ಹಿಡಿಯುವವನು ಮುಳುಗುವವನ ಹೆಂಡತಿಯ ತಮ್ಮನೇ ಆಗಿರಬೇಕು. ಅಕ್ಕನ ತಾಳಿ ತನ್ನ ಕೈಯಲ್ಲಿದೆ ಎಂದು ಗೊತ್ತಿರುವವನು ಹಗ್ಗ ಹಿಡಿದು ಆಕಳಿಸುವುದಿಲ್ಲ, ಬೀಡಿ ಹಚ್ಚುವುದಿಲ್ಲ. ಜುಂಜಪ್ಪನ ಹಗ್ಗವನ್ನು ಹದಿನೆಂಟು ವರ್ಷ ಹಿಡಿದವನು ಸಾವಂತ್ರಮ್ಮನ ತಮ್ಮ ಬಂಗಾರಪ್ಪ. ಎಪ್ಪತ್ತೇಳರ ಬೇಸಿಗೆಯ ಜಗಳದಲ್ಲಿ ಅವನು ಸತ್ತ.

ಆ ಜಗಳ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಎರಡೂರಿನವರೂ ನೀರು ಎನ್ನುತ್ತಾರೆ. ನೀರು ಕಡಿಮೆ ಇತ್ತು, ನಿಜ. ನೀರು ಕಡಿಮೆಯಾದ ಬೇಸಿಗೆಗಳು ಹಿಂದೆಯೂ ಬಂದಿದ್ದವು, ಆಗ ಯಾರೂ ಬಂದೂಕು ತಂದಿರಲಿಲ್ಲ. ಆ ಸಲ ಕಂಚಿಗಟ್ಟದಲ್ಲಿ ಸಾವ್ಕಾರ್ ಮಲ್ಲಿಕಾರ್ಜುನಪ್ಪ "ನಮ್ಮ ಕೆರೆ, ನಮ್ಮ ನೀರು" ಎಂದು ಮನೆ ಮನೆಗೆ ಹೋಗಿ ಹೇಳಿದರು, ಹಂದಿ ಓಡಿಸಲು ಇಟ್ಟ ನಾಡಬಂದೂಕುಗಳಿಗೆ ಮದ್ದು ತರಿಸಿಕೊಟ್ಟರು. ಹುಣಸೆಕೊಪ್ಪದಲ್ಲಿ ಅದೇ ಕೆಲಸವನ್ನು ಇನ್ನೊಬ್ಬ ಮುಖಂಡ ಮಾಡಿದ. ಇಬ್ಬರ ಕಣ್ಣೂ ತಾಲ್ಲೂಕಿನ ಕುರ್ಚಿಯ ಮೇಲಿತ್ತು. ಇಬ್ಬರೂ ಚನ್ನಗಿರಿಯ ಒಂದೇ ಹೋಟೆಲಿನ ಒಂದೇ ಬೆಂಚಿನ ಮೇಲೆ ಕೂತು ದೋಸೆ ತಿನ್ನುತ್ತಿದ್ದರು. ಅದು ಊರಿನವರ ತಲೆಗೆ ಹೋಗಲು ಎರಡು ಹೆಣ ಬೀಳಬೇಕಾಯಿತು.

ಬಂದೂಕಿನ ಮೊದಲ ಗುಂಡು ತಗುಲಿ ಬಿದ್ದವನು ಬಂಗಾರಪ್ಪ. ಕಾಲುವೆಯ ಪಕ್ಕದಲ್ಲಿ, ಹಾಡಹಗಲು. ಹೊಡೆದವರು ಯಾರೋ, ಗುರಿ ಯಾರ ಮೇಲಿತ್ತೋ. ಅಷ್ಟರಲ್ಲಿ ಯಾರೋ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟರು. ಹೊಗೆ ಎದ್ದು ಪಕ್ಕದವನ ಮುಖ ಪಕ್ಕದವನಿಗೆ ಕಾಣದಾಯಿತು. ಬಂಗಾರಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಜುಂಜಪ್ಪ, ಅವನ ಉಸಿರು ನಿಂತದ್ದೇ ತಡ, ಪಕ್ಕದಲ್ಲಿ ಬಿದ್ದಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಹೊಗೆಯೊಳಗೆ ನುಗ್ಗಿದ. ಹತ್ತು ಹೆಜ್ಜೆಗೆ ಒಬ್ಬ ಸಿಕ್ಕ. ಅವನ ಬೆನ್ನು ಇತ್ತ ಇತ್ತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಅವನು "ಅಣ್ಣಾ... ಅಣ್ಣಾ" ಎಂದು ಯಾರನ್ನೋ ಕರೆಯುತ್ತಿದ್ದ. ಜುಂಜಪ್ಪ ಒಂದೇ ಏಟು ಹೊಡೆದ. ಬಿದ್ದವನನ್ನು ತಿರುಗಿಸಿ ನೋಡಿದರೆ ಹುಣಸೆಕೊಪ್ಪದ ಹಾಲಸ್ವಾಮಿ, ಮೀಸೆ ಸರಿಯಾಗಿ ಮೂಡದ ಹುಡುಗ. ತಲೆ ಎತ್ತಿದಾಗ ಹೊಗೆಯಲ್ಲಿ ಇನ್ನೊಬ್ಬ ಓಡಿಹೋಗುತ್ತಿದ್ದ. ಅವನ ತಲೆಗೆ ಸುತ್ತಿದ್ದ ಹಸಿರು ವಲ್ಲಿ ಮಾತ್ರ ಕಂಡಿತು. ಆ ಹಸಿರು ವಲ್ಲಿಯವನು ತನ್ನನ್ನು ನೋಡಿದನೇ, ಇಲ್ಲವೇ? ಜುಂಜಪ್ಪ ಅಂದಿನಿಂದ ಇದೊಂದನ್ನೇ ಯೋಚಿಸಿ ಯೋಚಿಸಿ ಅರ್ಧವಾಗಿದ್ದ.

ಊರಿಗೊಂದು ಹೆಣವಾದ ಮೇಲೆ ರಾಜಿ ಮಾತು ಬಂತು. ಚನ್ನಗಿರಿಯಲ್ಲಿ ತಹಶೀಲ್ದಾರರ ಮುಂದೆ ಸಭೆ ಸೇರಿತು. ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂದಾಯಿತು. ಒಪ್ಪಿಸಿದರು ಕೂಡ. ಮಲ್ಲಿಕಾರ್ಜುನಪ್ಪನವರು ಒಪ್ಪಿಸಿದ್ದು ಅವರ ಅಜ್ಜನ ಬಂದೂಕು. ಅದರ ನಳಿಗೆಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಚೆನ್ನಾಗಿದ್ದದ್ದು ಅವರ ಅಟ್ಟದ ಮೇಲೇ ಉಳಿಯಿತು. ಸಾಕ್ಷಿಗಳನ್ನು ಕೇಳಿದರೆ ಎರಡೂರಿನ ಇಪ್ಪತ್ತಾರು ಮಂದಿಯೂ ಮಗ್ಗಿ ಒಪ್ಪಿಸಿದಂತೆ ಒಂದೇ ಮಾತು ಹೇಳಿದರು, "ಹೊಗೇಲಿ ಯಾರೂ ಕಾಣಲಿಲ್ಲ ಸ್ವಾಮಿ." ಹೊಡೆದವರು ಯಾರೆಂದು ಯಾರೂ ಯಾರನ್ನೂ ಕೇಳಕೂಡದು ಎಂದು ಒಳಗೊಳಗೇ ಕರಾರಾಗಿತ್ತು. ನೀರನ್ನು ಹಂಚಿದರು. ಸೋಮವಾರ ಕಂಚಿಗಟ್ಟಕ್ಕೆ, ಗುರುವಾರ ಹುಣಸೆಕೊಪ್ಪಕ್ಕೆ.

ಕೊನೆಗೆ ನಿವೃತ್ತ ಮೇಷ್ಟ್ರು ವಿರೂಪಾಕ್ಷಪ್ಪ ಎದ್ದು ನಿಂತರು. ಎರಡೂರಿನವರಿಗೂ ಅಕ್ಷರ ಕಲಿಸಿದವರು, ಎರಡೂರಿನವರ ಕಿವಿಯನ್ನೂ ಹಿಂಡಿದವರು.

"ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎದ್ದುಹೋದ್ರೆ ಇದು ಮುಂದಿನ ಬೇಸಿಗೆ ತನಕ ಬಾಳಲ್ಲ ಕಣ್ರಯ್ಯ. ನಾನೊಂದು ಹೇಳ್ತೀನಿ ಕೇಳ್ರಿ. ಯಾರ ಸರದಿನೋ ಆ ಊರಿನವನು ಮುಳುಗ್ಲಿ. ಹಗ್ಗ ಮಾತ್ರ ಇನ್ನೊಂದೂರಿನವನ ಕೈಲಿರ್ಲಿ. ಹಗ್ಗ ಹಿಡಿದಷ್ಟು ಹೊತ್ತು ಅವನೇ ಭಾವಮೈದ. ಬಾಯ್ತುಂಬ ಭಾವ ಅಂತ ಕರೀಬೇಕು."

ತಹಶೀಲ್ದಾರರು ತಲೆದೂಗಿದರು. ಇನ್ನೊಬ್ಬರ ಜೀವ ಪಣಕ್ಕಿಟ್ಟು ಮಾಡುವ ಶಾಂತಿ ಎಲ್ಲ ದೊಡ್ಡವರಿಗೂ ಚೆಂದ ಕಾಣುತ್ತದೆ. ಕಂಚಿಗಟ್ಟದಿಂದ ಮುಳುಗುವವನು ಜುಂಜಪ್ಪ ಎಂದು ಬರೆದುಕೊಂಡರು. "ಹುಣಸೆಕೊಪ್ಪದಿಂದ ಯಾರಪ್ಪ?" ಎಂದು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಅವನ ಹೆಗಲ ಮೇಲೆ ಹಸಿರು ವಲ್ಲಿ ಇತ್ತು. ಹಾಲಸ್ವಾಮಿಯ ಅಣ್ಣ ಕಲ್ಲೇಶಪ್ಪ. ಜುಂಜಪ್ಪ ಕೂತಲ್ಲೇ ತಲೆ ತಗ್ಗಿಸಿದ.

ಇದಾಗಿ ಎರಡು ವರ್ಷ. ಗುರುವಾರ ಕಲ್ಲೇಶಪ್ಪ ಮುಳುಗಿದರೆ ಹಗ್ಗ ಜುಂಜಪ್ಪನ ಕೈಯಲ್ಲಿ, ಸೋಮವಾರ ಜುಂಜಪ್ಪ ಮುಳುಗಿದರೆ ಹಗ್ಗ ಕಲ್ಲೇಶಪ್ಪನ ಕೈಯಲ್ಲಿ. ವಾರಕ್ಕೊಮ್ಮೆ ಜುಂಜಪ್ಪ ತಾನು ಕೊಂದವನ ಅಣ್ಣನ ಕೈಗೆ ತನ್ನ ಪ್ರಾಣ ಕೊಟ್ಟು ನೀರಿಗಿಳಿಯುತ್ತಿದ್ದ. ಕಲ್ಲೇಶಪ್ಪ ಮಾತಿನವನಲ್ಲ. "ಬಂದ್ಯಾ ಭಾವ" ಎನ್ನುವನು, ಹಗ್ಗವನ್ನು ಅಂಗೈಗೆ ಒಂದು ಸುತ್ತು ಹಾಕಿಕೊಳ್ಳುವನು, ಅಷ್ಟೇ. ಎಂದೂ ಮುಖ ಕೊಟ್ಟು ನೋಡಿದವನಲ್ಲ. ಜುಂಜಪ್ಪ ಅವನತ್ತ ತಿರುಗಿದರೆ ಅವನ ಕಣ್ಣು ನೀರಿನ ಮೇಲಿರುತ್ತಿತ್ತು. ಇವನು ಬೆನ್ನು ತಿರುಗಿಸಿದೊಡನೆ ಕುತ್ತಿಗೆಯ ಹಿಂದೆ ಆ ಕಣ್ಣು ಕೂತಂತೆ ಅನ್ನಿಸುತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಾನೆ, ಕಾಯುತ್ತಿದ್ದಾನೆ, ಒಂದಲ್ಲ ಒಂದು ಸೋಮವಾರ ಹಗ್ಗ ಬಿಟ್ಟೇ ಬಿಡುತ್ತಾನೆ. ನೀರಿನ ಕೆಳಗೆ, ಹಸಿರು ಕತ್ತಲೆಯಲ್ಲಿ, ಬಿರಡೆಯನ್ನು ತಡವುತ್ತ ಜುಂಜಪ್ಪ ಇದನ್ನೇ ನೆನೆಯುತ್ತಿದ್ದ. ಮೀಟಲು ಎಲ್ಲರೂ ಹಾರೆ ಒಯ್ದರೆ ಇವನು ಜಾಲಿ ಕೋಲು ಒಯ್ಯುತ್ತಿದ್ದ. ಕಬ್ಬಿಣದ ಹಾರೆಯನ್ನು ಅವನು ಆ ದಿನದಿಂದ ಮುಟ್ಟಿರಲಿಲ್ಲ. ಜಗ್ಗಿದ ಮೇಲೆ ಹಗ್ಗ ಬಿಗಿಯಾಗುವವರೆಗಿನ ಆ ಒಂದು ಗಳಿಗೆಯಲ್ಲಿ ಅವನು ಪ್ರತಿ ವಾರ ಸತ್ತು ಹುಟ್ಟುತ್ತಿದ್ದ.

ಆ ವರ್ಷದ ಫೆಬ್ರವರಿಯಲ್ಲಿ, ಚನ್ನಗಿರಿಯ ಸಂತೆಯಲ್ಲಿ, ಮಲ್ಲಿಕಾರ್ಜುನಪ್ಪನವರು ಜುಂಜಪ್ಪನನ್ನು ಹೋಟೆಲಿನ ಒಳಕೋಣೆಗೆ ಕರೆದರು. ಎಂದೂ ಇಲ್ಲದೆ ಎದುರಿಗೆ ಕೂರಿಸಿ ಕಾಫಿ ತರಿಸಿದರು. ಸಾವ್ಕಾರರು ಕಾಫಿ ಕುಡಿಸುವುದು ಪುಕ್ಕಟೆಗಲ್ಲ.

"ಜುಂಜ, ಕಲ್ಲೇಶಿಗೆ ಎಲ್ಲಾ ಗೊತ್ತೈತಂತೆ."

"ಏನು ಸಾವ್ಕಾರ್ರೆ?"

"ಅವತ್ತು ಹಾರೆ ಹಿಡಿದು ಹೊಗೆಯೊಳಕ್ಕೆ ಹೋದವನು ಯಾರು ಅಂತ. ನಾನು ನೋಡಿದ್ದೆ ಕಣೋ. ನಮ್ಮೂರ ಮರ್ಯಾದೆ ಉಳಿಸಿದೆ ಅಂತ ಸುಮ್ಕಿದ್ದೆ. ಈಗ ಅವರೂರಲ್ಲಿ ಗುಸುಗುಸು ನಡೆದೈತೆ. ಈ ಬೇಸಿಗೆ ದಾಟಾಕೆ ನಿನ್ನ ಬಿಡಲ್ಲ ಅವನು."

ಜುಂಜಪ್ಪ ಕಾಫಿ ಲೋಟವನ್ನು ಕೆಳಗಿಟ್ಟ.

"ನಾಳಿದ್ದು ಗುರುವಾರ," ಸಾವ್ಕಾರರು ದನಿ ತಗ್ಗಿಸಿದರು. "ಅವನು ಕೆಳಗಿರ್ತಾನೆ, ನೀನು ಮೇಲಿರ್ತೀಯ. ಹಗ್ಗ ಜಾರ್ತು ಅಂದ್ರಾಯ್ತು. ಒದ್ದೆ ಹಗ್ಗ, ಯಾರ ಕೈಲಾದ್ರೂ ಜಾರ್ತೈತೆ. ಆಮೇಲೆ ಅವರೂರಿನೋರು ಎಗರಾಡಿದ್ರೆ ನೋಡ್ಕಳಾಕೆ ನಾನಿದೀನಿ."

ಎಗರಾಡಲಿ ಎಂದೇ ಸಾವ್ಕಾರರ ಆಸೆ. ಮತ್ತೆ ಚುನಾವಣೆಯ ಗಾಳಿ ಬೀಸತೊಡಗಿತ್ತು, ಎರಡು ವರ್ಷದ ಶಾಂತಿಯಲ್ಲಿ ಜನ ಅವರ ಮನೆಯ ಕಡೆ ಹಾಯುವುದನ್ನೇ ಬಿಟ್ಟಿದ್ದರು. ಇದು ಜುಂಜಪ್ಪನಿಗೆ ಅರ್ಥವಾಗದ ಮಾತೇನಲ್ಲ. ಆದರೆ ಹೆದರಿದವನ ಕಿವಿಗೆ ಹೆದರಿಸುವ ಮಾತೊಂದೇ ಕೇಳಿಸುತ್ತದೆ. ಊರು ಸೇರುವವರೆಗೂ ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು, ಅವನಿಗೆ ಗೊತ್ತೈತೆ, ಅವನಿಗೆ ಗೊತ್ತೈತೆ.

ಗುರುವಾರ ಬೆಳಿಗ್ಗೆ ಏರಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಬಿಸಿಲು ಎಳೆಯದಾಗಿತ್ತು. ಕಲ್ಲೇಶಪ್ಪ ವಲ್ಲಿಯನ್ನು ಬಿಚ್ಚಿ ಅಡ್ಡಗಲ್ಲಿನ ಮೇಲಿಟ್ಟ, ಹಾರೆ ಕೈಗೆ ತಗೊಂಡ, "ಹಿಡ್ಕಾ ಭಾವ" ಎಂದು ಹಗ್ಗದ ತುದಿ ಕೊಟ್ಟು ನೀರಿಗಿಳಿದ. ಗುಳ್ಳೆಗಳು ಬಂದವು. ಹಗ್ಗ ಜುಂಜಪ್ಪನ ಅಂಗೈಯಲ್ಲಿ ಸರಸರ ಸರಿದು ನಿಂತಿತು. ಅವನು ಎಂದಿನಂತೆ ಎಣಿಸುತ್ತ ನಿಂತ. ಮೂವತ್ತಾಯಿತು, ನಲವತ್ತಾಯಿತು. ಇಷ್ಟರಲ್ಲಿ ಜಗ್ಗಬೇಕಿತ್ತು. ಜಗ್ಗಲಿಲ್ಲ. ಇದ್ದಕ್ಕಿದ್ದಂತೆ ನೀರಿನ ಮೇಲೆ ಸುಳಿ ಎದ್ದಿತು, ಹಗ್ಗ ಕೊಡಲಿ ಕಾವಿನಷ್ಟು ಬಿರುಸಾಯಿತು. ಬಿರಡೆ ಕಿತ್ತುಬಂದಿದೆ, ಕಲ್ಲೇಶಪ್ಪನಿಗೆ ಜಗ್ಗಲು ಪುರಸೊತ್ತೇ ಸಿಕ್ಕಿಲ್ಲ, ಕಾಲು ತೂತಿಗೆ ಹೋಗಿದೆ. ಇಪ್ಪತ್ತು ವರ್ಷ ಮುಳುಗಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಜುಂಜಪ್ಪ ಎಳೆಯಲಿಲ್ಲ.

ಹಗ್ಗ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಸುಮ್ಮನೆ ನಿಂತ. ಈಗೊಂದು ಗಳಿಗೆ ಸುಮ್ಮನಿದ್ದರೆ ಸಾಕು, ಇನ್ನು ಮುಂದೆ ಸೋಮವಾರಗಳಿಲ್ಲ, ಕುತ್ತಿಗೆಯ ಹಿಂದಿನ ಕಣ್ಣಿಲ್ಲ, ಹೊಟ್ಟೆ ತುಂಬ ರೊಟ್ಟಿ ತಿನ್ನಬಹುದು. ಅವನ ಬಾಯಿ ಎಣಿಸುವುದನ್ನು ಬಿಟ್ಟಿರಲಿಲ್ಲ. ನಲವತ್ತೊಂದು, ನಲವತ್ತೆರಡು, ನಲವತ್ತಮೂರು. ಐವತ್ತು ಎಂದು ತನ್ನದೇ ದನಿ ತನ್ನ ಕಿವಿಗೆ ಬಿದ್ದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೊಗೆಯಲ್ಲಿ ಹೊಡೆದಾಗ ಎದೆಯಲ್ಲಿ ಬಂಗಾರಪ್ಪನ ಸಾವಿತ್ತು, ಕಣ್ಣಲ್ಲಿ ನೀರಿತ್ತು. ಈಗ ಬಿಸಿಲಿದೆ, ಎಲ್ಲ ಕಾಣುತ್ತಿದೆ, ಆದರೂ ಒಂದು ಜೀವ ಹೋಗಲೆಂದು ಎಣಿಸುತ್ತ ನಿಂತಿದ್ದೇನೆ. ಅವನು ಅಯ್ಯಯ್ಯೋ ಎಂದು ಕಿರುಚಿಕೊಂಡು, ಕಂಬಕ್ಕೆ ಕಾಲು ಕೊಟ್ಟು, ಹಗ್ಗವನ್ನು ಎರಡೂ ಕೈಯಿಂದ ಎಳೆದ. ಅಂಗೈ ಚರ್ಮ ಕಿತ್ತುಬಂತು. ಮತ್ತೆ ಎಳೆದ. ಕೆಳಗೆ ಏನೋ ಬಿಟ್ಟುಕೊಂಡಿತು, ಕಲ್ಲೇಶಪ್ಪ ಮೇಲೆ ಬಂದ.

ಅವನನ್ನು ಏರಿಯ ಮೇಲೆ ಬೋರಲು ಮಲಗಿಸಿ ಬೆನ್ನು ಗುದ್ದಿದ ಮೇಲೆ ಎರಡು ಚೊಂಬು ನೀರು ಕಕ್ಕಿದ. ಪಾದದ ಮೇಲಿನ ಚರ್ಮ ಸುಲಿದು ರಕ್ತ ಹರಿಯುತ್ತಿತ್ತು. ಬಹಳ ಹೊತ್ತು ಕೆಮ್ಮಿದ. ಆಮೇಲೆ ಎದ್ದು ಕೂತು, ಎಂದಿನಂತೆ ನೀರಿನ ಕಡೆ ನೋಡುತ್ತ ಹೇಳಿದ:

"ತಡ ಮಾಡಿದೆ."

ಸುಳ್ಳು ಹೇಳಲು ಜುಂಜಪ್ಪನಿಗೆ ನಾಲಗೆ ಹೊರಳಲಿಲ್ಲ. "ಹ್ಞೂಂ," ಎಂದ.

"ಯಾಕೆ ಅಂತ ನಂಗೊತ್ತು."

ಬಂತು, ಎರಡು ವರ್ಷದಿಂದ ಕಾಯುತ್ತಿದ್ದ ಮಾತು ಬಂದೇಬಿಟ್ಟಿತು ಎಂದು ಜುಂಜಪ್ಪ ಕಣ್ಣು ಮುಚ್ಚಿಕೊಂಡ.

"ಒಡಹುಟ್ಟಿದೋನ್ನ ಬಿಟ್ಟು ಓಡಿದ ಬೇವಾರ್ಸಿನ ಯಾಕೆ ಉಳಿಸ್ಬೇಕು ಅಂತ ಅನ್ನಿಸ್ತು ನಿಂಗೆ. ಅಲ್ವಾ?"

ಜುಂಜಪ್ಪ ಕಣ್ಣು ಬಿಟ್ಟ.

"ನೀನಲ್ಲೇ ಇದ್ದೆ," ಕಲ್ಲೇಶಪ್ಪ ಮುಂದುವರಿಸಿದ. ಅವನ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು. "ನಿನ್ನ ಭಾವಮೈದ ಬಿದ್ದಿದ್ನಲ್ಲ, ಅವನ ತಲೆ ಹಿಡ್ಕೊಂಡು ಕೂತಿದ್ದೆ. ಅಲ್ಲಿಂದ ಹತ್ತು ಹೆಜ್ಜೆ ನಮ್ ಹಾಲ. ಅವನು ಅಣ್ಣಾ ಅಂತ ಕೂಗ್ದ. ನಂಗೆ ಕೇಳ್ತು. ಗುಂಡಿನ ಸದ್ದಿಗೆ ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ ಭಾವ. ಓಡ್ದೆ. ಹಿಂದಕ್ಕೆ ತಿರುಗಿ ಸೈತ ನೋಡ್ಲಿಲ್ಲ. ನಾನು ಓಡಿದ್ದನ್ನ ನೀನು ನೋಡಿದೀಯ, ಇವತ್ತಲ್ಲ ನಾಳೆ ಎರಡೂರಲ್ಲೂ ಹೇಳ್ತೀಯ ಅಂತ ಎರಡು ವರ್ಷದಿಂದ ನಿನ್ನ ಮಖ ನೋಡಾಕೆ ಹೆದರಿ ಸಾಯ್ತಿದೀನಿ. ನಮ್ಮವ್ವಂಗೆ ಗೊತ್ತಾದ್ರೆ ಮನೆ ಬಾಗ್ಲಿಗೆ ಸೇರ್ಸಲ್ಲ."

ಏರಿಯ ಕೆಳಗೆ ಕಾಲುವೆಯಲ್ಲಿ ನೀರು ಹುಣಸೆಕೊಪ್ಪದ ಕಡೆ ಹರಿಯತೊಡಗಿತ್ತು. ಜುಂಜಪ್ಪ ಹಾಗೇ ಕೂತ. ಇವನಿಗೆ ಏನೂ ಗೊತ್ತಿಲ್ಲ. ಇವನು ಏನೂ ನೋಡಿಲ್ಲ. ಸಾವ್ಕಾರರು ಹೇಳಿದ್ದು ಹಸಿ ಸುಳ್ಳು. ಎರಡು ವರ್ಷ ತಾನು ಹೆದರಿದ್ದು ತನಗೆ ಹೆದರುತ್ತಿದ್ದ ಒಬ್ಬ ಬಡಪಾಯಿಗೆ. ಎದೆಯ ಮೇಲಿಂದ ಗುಂಡುಕಲ್ಲು ಇಳಿದಂತಾಯಿತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಾಯುವ ತನಕ ನಿಶ್ಚಿಂತೆ. ಅವನಿಗೆ ನಗು ಬರುವಂತಾಯಿತು.

"ಯಾರು ಹೊಡೆದ್ರು ಅಂತ ನಾನು ಕೇಳಲ್ಲ," ಎಂದ ಕಲ್ಲೇಶಪ್ಪ. "ಕೇಳಬಾರ್ದು ಅಂತ ಕರಾರಾಗೈತೆ. ಯಾರು ಹೊಡೆದ್ರೇನು, ಕೊಂದೋನು ನಾನೇ. ನಾನು ನಿಂತಿದ್ರೆ ಉಳೀತಿದ್ದ. ನಾನೇ ಕೊಂದೆ ಅವನ್ನ." ಹಾಗೆನ್ನುತ್ತ ಅವನು ತನ್ನ ಸುಲಿದ ಕಾಲನ್ನು ತಾನೇ ಮುಷ್ಟಿಯಿಂದ ಗುದ್ದಿಕೊಂಡ. ಮತ್ತೆ ಮತ್ತೆ ಗುದ್ದಿಕೊಂಡ.

ಇದನ್ನು ನೋಡುತ್ತ ಕೂರುವುದು ಜುಂಜಪ್ಪನಿಂದ ಆಗಲಿಲ್ಲ. ಕೊಂದವನು ತಾನು ಇಲ್ಲಿ ನಗು ತಡೆದುಕೊಂಡು ಕೂತಿರುವಾಗ, ಕೊಲ್ಲದವನು ನಾನೇ ಕೊಂದೆ ಎಂದು ಮೈ ಕೈ ಹೊಡೆದುಕೊಳ್ಳುತ್ತಿದ್ದಾನೆ. ಜುಂಜಪ್ಪ ಅವನ ಮುಷ್ಟಿ ಹಿಡಿದುಕೊಂಡ.

"ನೀನಲ್ಲ. ನಾನು ಹೊಡೆದದ್ದು."

ಕಲ್ಲೇಶಪ್ಪನಿಗೆ ಅರ್ಥವಾಗಲಿಲ್ಲ. "ಏನು?" ಎಂದ.

"ಹಾರೆ ನನ್ನ ಕೈಲಿತ್ತು. ಅವನ ಬೆನ್ನು ನನ್ನ ಕಡೆಗಿತ್ತು. ಅವನ ಕೈಯಾಗೆ ಏನೂ ಇರ್ಲಿಲ್ಲ ಕಲ್ಲೇಶಪ್ಪ. ನಾನು ಹೊಡ್ದೆ. ಒಂದೇ ಏಟು. ಆಮೇಲೆ ಅವನು ಏನೂ ಅನ್ಲಿಲ್ಲ, ಜಾಸ್ತಿ ಹೊತ್ತು ನರಳ್ಲಿಲ್ಲ."

ಕಲ್ಲೇಶಪ್ಪ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದ. ತನ್ನ ಕೈಯನ್ನು ಜುಂಜಪ್ಪನ ಕೈಯಿಂದ ನಿಧಾನವಾಗಿ ಬಿಡಿಸಿಕೊಂಡ. ಎದ್ದು, ಕುಂಟುತ್ತ, ಏರಿಯ ಮೇಲೆ ತನ್ನೂರಿನ ಕಡೆ ನಡೆದುಹೋದ.

ಅಲ್ಲಿಂದ ಸೋಮವಾರದವರೆಗೆ ಜುಂಜಪ್ಪ ಬದುಕಿದ್ದು ಹೇಗೋ ಅವನಿಗೇ ತಿಳಿಯದು. ದಾರಿಯಲ್ಲಿ ಜೀಪಿನ ಸದ್ದಾದರೆ ಪೋಲೀಸರೆಂದುಕೊಂಡ. ನಾಯಿ ಬೊಗಳಿದರೆ ಹುಣಸೆಕೊಪ್ಪದವರು ಬಂದರೆಂದುಕೊಂಡ. ಯಾರೂ ಬರಲಿಲ್ಲ. ಅದೇ ಇನ್ನೂ ಭಯವಾಗಿತ್ತು. ಕಲ್ಲೇಶಪ್ಪ ಯಾರಿಗೂ ಹೇಳಿಲ್ಲ ಎಂದರೆ ತಾನೇ ಕೈಯಾರೆ ತೀರಿಸಿಕೊಳ್ಳಲು ಇಟ್ಟುಕೊಂಡಿದ್ದಾನೆ ಎಂದಲ್ಲವೇ? ಭಾನುವಾರ ಮಧ್ಯಾಹ್ನ ತಡೆಯಲಾಗದೆ ಸಾವಂತ್ರಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನನ್ನ ತಮ್ಮ ಸತ್ತ ಅಂತ ಆ ಹುಡುಗನ್ನ ಹೊಡ್ದ್ರಾ?"

"ಹ್ಞೂಂ."

"ಅದರಿಂದ ನನ್ನ ತಮ್ಮ ಎದ್ದು ಬಂದ್ನಾ?" ಎಂದು ಕೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, "ನಾಳೆ ಹೋಗ್‌ಬ್ಯಾಡ್ರೀ. ಜ್ವರ ಅಂತ ಹೇಳಿ ಕಳಿಸ್ತೀನಿ," ಎಂದಳು.

"ನಾನು ಹೋಗ್ಲಿಲ್ಲ ಅಂದ್ರೆ, ಹುಣಸೆಕೊಪ್ಪದೋರು ಹೆದರ್ಸಿದ್ರು, ಅದಕ್ಕೆ ಬರ್ಲಿಲ್ಲ ಅಂತ ಸಾವ್ಕಾರ್ರು ಡಂಗುರ ಹೊಡೀತಾರೆ. ಅಟ್ಟದ ಮೇಲಿರೋದು ಕೆಳಕ್ಕಿಳೀತೈತೆ. ಆಮೇಲೆ ಎಷ್ಟು ಜನದ ತಮ್ಮಂದಿರು?"

ಸಾವಂತ್ರಮ್ಮ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

ಸೋಮವಾರ ಅವನು ಏರಿಗೆ ಬಂದಾಗ ಆಲದ ಮರದ ಕೆಳಗೆ ಸಾವ್ಕಾರರ ಆಳುಗಳು ನಾಲ್ವರು ಕೂತಿದ್ದರು. ಗುರುವಾರ ಕಲ್ಲೇಶಪ್ಪ ಕುಂಟಿಕೊಂಡು ಹೋದದ್ದು ಹೇಗೋ ಅವರ ಕಿವಿಗೆ ಬಿದ್ದಿರಬೇಕು. ಪಕ್ಕದಲ್ಲಿ ಗೋಣಿತಾಟು ಸುತ್ತಿದ ಉದ್ದನೆಯದೇನೋ ಇತ್ತು. ಅದೇನೆಂದು ಜುಂಜಪ್ಪ ಕೇಳಲಿಲ್ಲ. ತಾನು ಮೇಲೆ ಬರಲಿಲ್ಲವೆಂದರೆ ಇಲ್ಲೇ, ಈ ಏರಿಯ ಮೇಲೇ ಮತ್ತೆ ಶುರುವಾಗುತ್ತದೆ. ಅದಕ್ಕೇ ಅವರು ಕಾಯುತ್ತಿರುವುದು. ಅವನು ಅಡ್ಡಗಲ್ಲಿನ ಮೇಲೆ ಹೋಗಿ ನಿಂತ.

ಕಲ್ಲೇಶಪ್ಪ ತಡವಾಗಿ ಬಂದ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ಮುಖ ಕಪ್ಪಿಟ್ಟಿತ್ತು, ಕಣ್ಣು ಕೆಂಪಗಿದ್ದವು. ಭಾವ ಎನ್ನಲಿಲ್ಲ. ಮರದ ಕೆಳಗಿದ್ದವರನ್ನೊಮ್ಮೆ, ಅವರ ಗೋಣಿತಾಟನ್ನೊಮ್ಮೆ ನೋಡಿದ. ಅಡ್ಡಗಲ್ಲಿನ ಮೇಲೆ ಬಂದು ನಿಂತು ಕೈ ಚಾಚಿದ. ಜುಂಜಪ್ಪ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಆ ಕೈಗೆ ಕೊಟ್ಟ. ಕೊಡುವಾಗ ಅವನಿಗೆ ಅಳು ಬಂತು.

ಕಲ್ಲೇಶಪ್ಪ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಲಿಲ್ಲ. ತನ್ನ ಸೊಂಟಕ್ಕೆ ಎರಡು ಸುತ್ತು ಹಾಕಿದ. ಗಂಟು ಹಾಕಿದ. ಗಂಟಿನ ಮೇಲೆ ಇನ್ನೊಂದು ಗಂಟು, ಅದರ ಮೇಲೆ ಮತ್ತೊಂದು ಹಾಕಿ, ಹಲ್ಲಿನಲ್ಲಿ ಕಚ್ಚಿ ಬಿಗಿದ.

"ಇದೇನು ಮಾಡ್ತಿದೀಯ?" ಜುಂಜಪ್ಪ ಪಿಸುಗುಟ್ಟಿದ. "ಕೆಳಗೆ ನಾನು ಸಿಕ್ಕೊಂಡ್ರೆ ನೀನೂ ಬರ್ತೀಯ."

"ಬರ್ತೀನಿ." ಕಲ್ಲೇಶಪ್ಪ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. "ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ. ಮೂರು ದಿನದಿಂದ ನೋಡ್ತಾನೇ ಇದೀನಿ, ಬಿಡು ಬಿ‌ಡು ಅಂತೈತೆ. ಉಣ್ಣಾಕೆ ಕೂತ್ರೂ ಅಂತೈತೆ. ಕೈಯಾದ್ರೆ ಬಿಟ್ಟುಬಿಡ್ತೈತೆ. ಇದನ್ನ ಬಿಡಾಕಾಗಲ್ಲ."

"ಕಲ್ಲೇಶಪ್ಪ..."

"ನಿನ್ನ ಒಪ್ಕೊಂಡೀನಿ ಅಂತ ತಿಳೀಬ್ಯಾಡ. ಅದು ನನ್ನ ಕೈಲಾಗಲ್ಲ. ಮುಳುಗು."

ಮರದ ಕೆಳಗಿನ ನಾಲ್ವರು ಎದ್ದು ನಿಂತಿದ್ದರು. ಇಬ್ಬರು ಗಂಡಸರು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡು ನಿಂತದ್ದು ಅವರಿಗೆ ಏನೆಂದು ತಿಳಿಯಲಿಲ್ಲ. ಜುಂಜಪ್ಪ ಆ ಮೂರು ಗಂಟುಗಳನ್ನು ನೋಡಿದ, ಕಲ್ಲೇಶಪ್ಪನ ಸುಲಿದ ಕಾಲನ್ನು ನೋಡಿದ. ಅವನಿಗೆ ಹಿಂದೆಂದೂ ಆಗದಷ್ಟು ಭಯವಾಯಿತು. ಕೆಳಗೆ ತಾನೊಂದು ತಪ್ಪು ಮಾಡಿದರೆ ಆ ಮನೆಯ ತಾಯಿಗೆ ಇನ್ನು ಯಾವ ಮಗನೂ ಉಳಿಯುವುದಿಲ್ಲ. ಕೈ ನಡುಗಬಾರದು, ಬಿರಡೆಯನ್ನು ಹುಷಾರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು ಎಂದುಕೊಂಡು, ಜಾಲಿ ಕೋಲು ಹಿಡಿದು, ಎದೆ ತುಂಬ ಉಸಿರು ತಗೊಂಡು ಅವನು ನೀರಿಗಿಳಿದ.